ಸಾವಕಾರ ಕೈಮುಗಿದು ಕೊಟ್ಟ ಪಗಾರ

ಖಾನಾವಳಿಯಲ್ಲಿ ದುಡಿದವರು ನಾಲ್ಕು ಮಂದಿ ಒಂದು ಕಡೆ ಕೂತರೆ ಮಾಲಕನ ಮಾತು ಬಂದೇ ಬರುತ್ತದೆ, ಮಾಲಕನ ಮಾತು ಬಂದರೆ ನಗು ತಡೆಯುವುದಿಲ್ಲ. ಆದರೆ ಆ ಪ್ರಸಂಗಗಳು ನಡೆಯುವ ಹೊತ್ತಿಗೆ ಯಾರೂ ನಕ್ಕಿರುವುದಿಲ್ಲ. ನಾನಂತೂ ನಕ್ಕಿಲ್ಲ. ಹಿಟ್ಟಿನ ಜೊತೆಗೆ ಅಂಜಿಕೆಯನ್ನೂ ನಾದಿಕೊಂಡು ರೊಟ್ಟಿ ಬಡಿದವಳು ನಾನು.

ಗಂಡ ತೀರಿಹೋದ ಮೇಲೆ ದುಬಲಗುಂಡಿಯಿಂದ ಹುಮನಾಬಾದಿಗೆ ಬಂದೆ. ಮೋಟಾರು ನಿಲ್ಲುವ ಜಾಗದ ಎದುರಿಗೆ ಒಂದು ಖಾನಾವಳಿ. ತಿಂಗಳಿಗೆ ಎಂಟು ರೂಪಾಯಿ ಪಗಾರ, ಎರಡು ಹೊತ್ತು ಊಟ, ಮಲಗಲು ಸೌದೆ ಕೋಣೆ. ಊಟ ಸಿಕ್ಕಿತು, ಸೌದೆ ಕೋಣೆಯೂ ಸಿಕ್ಕಿತು. ಮಾಲಕನನ್ನು ನಾವು ಸಾವಕಾರ ಎಂದೇ ಕರೆಯುತ್ತಿದ್ದೆವು. ಪಗಾರ ಕೇಳಿದರೆ ಅವನು, "ನಿನ್ನ ರೊಕ್ಕ ನನ್ನ ಹತ್ರ ಭದ್ರ ಅದ ಬಾಯಿ, ನಿನ್ನ ಕೈಯಾಗ ಇದ್ರ ಕಳ್ಳರು ಬಿಡ್ತಾರೇನು?" ಅನ್ನುತ್ತಿದ್ದ. ಬಿಟ್ಟು ಹೋದರೆ ಜಮಾ ಆದದ್ದೆಲ್ಲ ಮುಳುಗುತ್ತದೆ. ಇದ್ದರೆ ಬೆಳೆಯುತ್ತದೆ, ಅವನ ಪುಸ್ತಕದಲ್ಲಿ ಮಾತ್ರ. ಆ ಹಣ ಕೈಗೆ ಬಂದರೆ ಹತ್ತಿರದ ಕಲ್ಯಾಣ ಊರಿಗೆ ಹೋಗಿ ನನ್ನದೇ ಒಲೆ ಹೂಡಬೇಕೆಂದು ಹಟ ಹಿಡಿದಿದ್ದೆ. ಆ ಹಟವೊಂದು ಬಿಟ್ಟರೆ ನನ್ನ ಹತ್ತಿರ ಬೇರೆ ಆಸ್ತಿ ಇರಲಿಲ್ಲ.

ಜಿಗಿಯುವ ಪರೀಕ್ಷೆ

ಊಟ ಮಾಡಿದ ಪ್ರಯಾಣಿಕರು ತಾಟಿನ ಕೆಳಗೆ ಒಂದಾಣೆ, ಎರಡಾಣೆ ಬಕ್ಷೀಸು ಇಟ್ಟು ಹೋಗುತ್ತಿದ್ದರು. ಸಾವಕಾರ ಒಂದು ತುಪ್ಪದ ಡಬ್ಬಿಗೆ ಸೀಳು ಕೊರೆಸಿ, ಬೀಗ ಹಾಕಿಸಿ, "ಎಲ್ಲಾ ಇದರಾಗ ಹಾಕ್ರಿ, ದೀಪಾವಳಿಗಿ ಹಂಚತೀನಿ" ಎಂದ. ದೀಪಾವಳಿ ಬಂತು, ಹೋಯಿತು. ಡಬ್ಬಿಯ ಬೀಗ ಮಾತ್ರ ತುಕ್ಕು ಹಿಡಿಯಿತು.

ಆದರೂ ಅವನಿಗೆ ಸಂಶಯ. ಬಡಿಸುವ ಗಂಡಾಳುಗಳ ಅಂಗಿಯ ಕಿಸೆಗಳನ್ನೆಲ್ಲ ದರ್ಜಿಯಿಂದ ಹೊಲಿಸಿ ಮುಚ್ಚಿಸಿದ. ದರ್ಜಿಯ ಕೂಲಿಯನ್ನು ಅವರ ಪಗಾರದಲ್ಲೇ ಮುರಿದ. ಅದೂ ಸಾಲದೆ, ಮಧ್ಯಾಹ್ನದ ಊಟ ಮುಗಿದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಜಿಗಿಯಲು ಹೇಳುತ್ತಿದ್ದ. ಮೈಮೇಲೆ ಎಲ್ಲಾದರೂ ನಾಣ್ಯ ಅಡಗಿದ್ದರೆ ಸಪ್ಪಳ ಆಗಬೇಕಲ್ಲ! ಬಡಿಸುವವರಲ್ಲಿ ಹಿರಿಯ ಚಾಚಾ. ಅರವತ್ತು ದಾಟಿದ ಮೊಣಕಾಲು. ಅವರು ಜಿಗಿದರೆ ನಾಣ್ಯದ ಸಪ್ಪಳ ಬರುತ್ತಿರಲಿಲ್ಲ, ಎಲುಬಿನ ಸಪ್ಪಳ ಬರುತ್ತಿತ್ತು.

ಒಂದು ದಿನ ನನ್ನ ಸರದಿ ಬಂತು. ಹೆಂಗಸನ್ನು ಜಿಗಿ ಅನ್ನಲು ಸಾವಕಾರನಿಗೆ ನಾಚಿಕೆ, ತನ್ನ ತಾಯಿಯನ್ನು ಕಳಿಸಿದ. ಅವತ್ತೇ ಒಬ್ಬ ಪ್ರಯಾಣಿಕ ಹೆಣ್ಣುಮಗಳು, "ರೊಟ್ಟಿ ಛಲೋ ಆಗ್ಯಾವ ಯವ್ವಾ" ಎಂದು ನನ್ನ ಕೈಯಲ್ಲಿ ಎರಡಾಣೆ ಇಟ್ಟಿದ್ದಳು. ಅದು ನನ್ನ ಸೀರೆಯ ಉಡಿಯಲ್ಲಿತ್ತು. ಸಿಕ್ಕಿಬಿದ್ದರೆ ಕೆಲಸವೂ ಹೋಯಿತು, ಜಮಾ ಹಣವೂ ಹೋಯಿತು.

"ಜಿಗಿ" ಎಂದಳು ಮುದುಕಿ. ನಾನು ಹಿಮ್ಮಡಿ ಎತ್ತಿ ಇಳಿಸಿದೆ.

"ಅದೇನು ಜಿಗಿಯೋದು? ಉಣ್ಣಾಕ ಬರ್ತದ, ಜಿಗಿಯಾಕ ಬರಂಗಿಲ್ಲ? ಹಿಂಗ ಜಿಗಿಬೇಕು, ನೋಡು!" ಎಂದು ಮುದುಕಿ ತಾನೇ ಎರಡು ಕಾಲೂ ಎತ್ತಿ ಜಿಗಿದಳು.

ಝಣ್ ಅಂತು. ಅವಳ ಉಡಿ ಬಿಚ್ಚಿಕೊಂಡು ಆಣೆ, ಪಾವಲಿ, ಒಂದು ಬೆಳ್ಳಿ ರೂಪಾಯಿ ಎಲ್ಲ ನೆಲದ ಮೇಲೆ ಉರುಳಿದವು. ಎಲ್ಲವೂ ಮಗನ ಗಲ್ಲಾದಿಂದ ಬಂದವು. ಸಪ್ಪಳ ಕೇಳಿ ಓಡಿಬಂದ ಮಗ ತಾಯಿಯ ಮುಖ ನೋಡಿದ. ತಾಯಿ ಗೋಡೆ ನೋಡಿದಳು. ಆಮೇಲೆ ಸೆರಗು ಕೊಡವಿ, "ಹೆಂಗಸರ ಮೈಯಾಗ ಸಪ್ಪಳ ಇರೋದೇ. ನಡೀರಿ, ನಿಮ್ಮ ನಿಮ್ಮ ಕೆಲಸ ನೋಡ್ರಿ!" ಎಂದಳು.

ಮೂರು ಸಲ ಒಡೆದ ಕಪ್ಪು

ನಾನು ಶಾಲೆಯ ಹೊಸ್ತಿಲು ತುಳಿದವಳಲ್ಲ. ಖಾನಾವಳಿಯ ಗೋಡೆಗೆ ಸೊಲ್ಲಾಪುರದ ಬಟ್ಟೆ ಅಂಗಡಿಯ ಒಂದು ಕನ್ನಡ ಕ್ಯಾಲೆಂಡರು ತೂಗುತ್ತಿತ್ತು. ಇವತ್ತು ಸೋಮವಾರ ಎಂದು ನನಗೆ ಗೊತ್ತು. ಹಾಗಾದರೆ ಇದು ಸೋ, ಇದು ಮ, ಇದು ವಾ, ಇದು ರ. ಹೀಗೆ ವಾರದ ಏಳು ದಿನಗಳಿಂದ ಅಕ್ಷರ ಕಿತ್ತುಕೊಂಡೆ. ಉಳಿದದ್ದನ್ನು ಸಕ್ಕರೆ ಕಟ್ಟಿ ಬಂದ ಹಳೆಯ ಪತ್ರಿಕೆಗಳಲ್ಲಿ ಹುಡುಕಿಕೊಂಡೆ. ಈ ಸುದ್ದಿ ಚಾಚಾನ ಹೊರತು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಸಾವಕಾರ ತನ್ನ ಪುಸ್ತಕವನ್ನು ಗದ್ದಿಗೆಯ ಮೇಲೆ ಬಿಟ್ಟು ಹೋಗುತ್ತಿದ್ದನೇ?

ಒಂದು ದಿನ ಗದ್ದಿಗೆಯ ಧೂಳು ಒರೆಸುತ್ತ ಓದಿದೆ. 'ನೀಲಿ ಹೂವಿನ ಕಪ್ಪು ಒಡೆದದ್ದಕ್ಕೆ, ರೊಟ್ಟಿ ಬಾಯಿ, ಎಂಟಾಣೆ ಮುರಿದಿದೆ.' ರೊಟ್ಟಿ ಬಾಯಿ ಅಂದರೆ ನಾನೇ. ಹಾಳೆ ತಿರುವಿದೆ. ಅದೇ ಕಪ್ಪು ಚಾಚಾನ ಹೆಸರಿನಲ್ಲೂ ಒಡೆದಿತ್ತು. ಮತ್ತೊಂದು ಹಾಳೆಯಲ್ಲಿ ನೀರು ಹೊರುವವನ ಹೆಸರಿನಲ್ಲೂ. ನಮ್ಮ ಖಾನಾವಳಿಯಲ್ಲಿ ನೀಲಿ ಹೂವಿನ ಕಪ್ಪು ಇದ್ದದ್ದೇ ಒಂದು. ಅದರಲ್ಲಿ ಸಾವಕಾರ ದಿನಾ ಬೆಳಿಗ್ಗೆ ಚಹಾ ಕುಡಿಯುತ್ತಿದ್ದ.

ಎರಡು ದಿನ ಅಂಜಿಕೊಂಡು ಸುಮ್ಮನಿದ್ದೆ. ಮೂರನೆಯ ದಿನ ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ. ಅವನು ಕಪ್ಪು ತುಟಿಗೆ ಇಟ್ಟ ಹೊತ್ತಿಗೆ, "ಸಾವಕಾರ್ರಿ, ಈ ಕಪ್ಪು ಒಡದದ ಅಂತಲ್ರಿ?" ಎಂದುಬಿಟ್ಟೆ.

ಅವನು ಬೆಚ್ಚಿದ. ಕೈ ಜಾರಿತು. ಕಪ್ಪು ಕಲ್ಲಿನ ಮೇಲೆ ಬಿದ್ದು ಚೂರುಚೂರಾಯಿತು.

"ಯಾರು ಹೇಳಿದ್ರು ನಿನಗ?"

"ಈಗ ಒಡೀತಲ್ರಿ, ನಾನೇ ನೋಡಿದೆ" ಎಂದು ಹೇಳಿ ಒಲೆಯ ಕಡೆ ಓಡಿದೆ. ಮರುದಿನ ಪುಸ್ತಕ ನೋಡಿದರೆ ಹೊಸ ಸಾಲು: 'ನೀಲಿ ಹೂವಿನ ಕಪ್ಪು ಒಡೆದದ್ದು, ರೊಟ್ಟಿ ಬಾಯಿ ಮಾತಾಡಿಸಿದ್ದರಿಂದ, ಎಂಟಾಣೆ.' ನಾಲ್ಕು ಸಲ ಬರೆದವನು ಅದೊಂದು ಸಲ ಮಾತ್ರ ಅರ್ಧದಷ್ಟು ನಿಜ ಬರೆದಿದ್ದ.

ಜೀವದ ಬಾಡಿಗೆ

ನಿಜಾಮ ರಾಜ್ಯದ ಕೊನೆಯ ವರ್ಷ. ಆಯುಧ ಹಿಡಿದ ನಿಜಾಮನ ಕಡೆಯ ಗುಂಪುಗಳು ಹಾಡಹಗಲೇ ರಸ್ತೆಯಲ್ಲಿ ತಿರುಗುತ್ತಿದ್ದವು. ಹಿಂದೂ ಹೆಂಗಸರು ನೀರಿಗೆ ಹೋಗಲೂ ಹೆದರುತ್ತಿದ್ದರು. ನಾನು ಇಪ್ಪತ್ತು ದಿನ ಸೌದೆ ಕೋಣೆಯಿಂದ ಹೊರಗೆ ಬರಲಿಲ್ಲ. ಯಾರಾದರೂ ಬಾಗಿಲಿಗೆ ಬಂದರೆ ಚಾಚಾ ಅಡ್ಡ ನಿಂತು, "ಒಳಗ ಕಟ್ಟಿಗಿ ಬಿಟ್ರ ಏನೂ ಇಲ್ಲ ಭಾಯಿ" ಎಂದು ಕಳಿಸುತ್ತಿದ್ದರು. ನಾನು ಕಟ್ಟಿಗೆಯ ಹಾಗೆಯೇ ಉಸಿರು ಬಿಡದೆ ಕೂತಿರುತ್ತಿದ್ದೆ.

ಗದ್ದಲ ತಗ್ಗಿದ ಮೇಲೆ ಸಾವಕಾರ ನನ್ನ ಎರಡು ತಿಂಗಳ ಪಗಾರ ಮುರಿದ. "ನಿನ್ನ ಜೀವ ಉಳಿಸೀನಿ. ಅದಕ್ಕ ಬಾಡಗಿ ಬ್ಯಾಡೇನು?" ಎಂದ.

ಮುಂದೆ ನಿಜಾಮ ಹೋಗಿ ಸರ್ಕಾರ ಬದಲಾಯಿತು, ಹೆದರುವವರೂ ಬದಲಾದರು. ಈಗ ಅದೇ ಸೌದೆ ಕೋಣೆಯಲ್ಲಿ ಚಾಚಾ ಕೂತರು, ಬಾಗಿಲಲ್ಲಿ ನಾನು ನಿಂತೆ. ಒಲೆಯ ಕೊಳ್ಳಿ ಕೈಯಲ್ಲಿ ಹಿಡಿದು, "ಒಳಗ ಕಟ್ಟಿಗಿ ಅದಾವ, ಬೇಕಾದ್ರ ಹಚ್ಚಿ ಕೊಡ್ತೀನಿ" ಎಂದು ಬಂದವರನ್ನು ಕಳಿಸಿದೆ.

ಆಮೇಲೆ ಸಾವಕಾರ ಚಾಚಾನದೂ ಎರಡು ತಿಂಗಳ ಪಗಾರ ಮುರಿದ. ಆ ವಿಷಯದಲ್ಲಿ ಅವನು ಹಿಂದೂ ಮುಸಲ್ಮಾನ ಎಂಬ ಭೇದ ಎಣಿಸಿದವನಲ್ಲ.

"ನಿನ್ನ ಜೀವ ಉಳಿಸೀನಿ, ಇನ್ನ ಪಗಾರ ಯಾತಕ್ಕ?" ಎಂದು ಗದರಿದ.

ಚಾಚಾ ಮೆಲ್ಲಗೆ ಹೇಳಿದರು: "ಅಲ್ಲೇ ತಪ್ಪು ಮಾಡಿದ್ರಿ ಮಾಲಕ್. ಉಳಿಸಿದ ಜೀವಕ್ಕ ದಿನಾ ಊಟ ಹಾಕಬೇಕಾಗ್ತದರಿ."

ಕೈಮುಗಿದು ಕೊಟ್ಟದ್ದು

ಆ ಕಾಲಕ್ಕೆ ನಮ್ಮಲ್ಲಿ ಎರಡು ಬಗೆಯ ಹಣ ನಡೆಯುತ್ತಿತ್ತು. ನಿಜಾಮರದ್ದು ಹಾಲಿ ಸಿಕ್ಕ, ಹಿಂದುಸ್ತಾನದ್ದು ಕಲ್ದಾರ್. ರಾಜ್ಯವೇ ಹೋದ ಮೇಲೆ ಅದರ ಹಣ ಉಳಿದೀತೇ ಎಂಬ ಮಾತು ಸಂತೆಯಲ್ಲಿ ದಿನಾ ಇತ್ತು. ಒಂದು ದಿನ ಮೋಟಾರಿನಿಂದ ಇಳಿದವನೊಬ್ಬ, "ಬರೋ ಅಮಾಸಿಗಿ ಹಾಲಿ ಸಿಕ್ಕ ಬಂದ್. ನೋಟು ಅಂದ್ರ ಬರೇ ಕಾಗದ" ಎಂದು ಸಾರಿ ಹೋದ.

ಸಾವಕಾರ ಊಟ ಬಿಟ್ಟ. ಪೆಟ್ಟಿಗೆಯ ತುಂಬ ಹಾಲಿ ನೋಟುಗಳು. ಒಂದು ರಾತ್ರಿ ಕಳೆಯುವುದರಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ಕಾಗದ ಆಗುವ ನೋಟಿನಿಂದ ನಮ್ಮ ಬಾಕಿ ತೀರಿಸಿಬಿಟ್ಟರೆ ಹಣವೂ ಖಾಲಿ, ಸಾಲವೂ ಖಾಲಿ! ಬೆಳಿಗ್ಗೆ ಎಲ್ಲರನ್ನೂ ಕರೆದು ಕೈಮುಗಿದ.

"ನಾ ಯಾರ ರಿಣಾನೂ ಇಟ್ಕೊಳ್ಳಾವ ಅಲ್ಲ. ಮೂರು ವರ್ಷದ ಪಗಾರ ಇವತ್ತೇ ತಗೊಳ್ರಿ."

ಯಾರೂ ಮುಂದೆ ಬರಲಿಲ್ಲ. ನೀರು ಹೊರುವವನು, "ಯಾಕ್ರಿ ಅವಸರ? ನಿಮ್ಮ ಹತ್ರ ಭದ್ರ ಇರ್ಲಿ ಬಿಡ್ರಿ" ಎಂದ. ಪಗಾರ ಕೊಡುತ್ತೇನೆಂದು ಮಾಲಕ, ಬೇಡವೆಂದು ಆಳುಗಳು! ಅವನು ಇನ್ನೂ ಇಳಿದ. "ಆತು, ಮುರಕೊಂಡಿದ್ದೆಲ್ಲಾ ಮಾಫಿ. ಕಪ್ಪು ಮಾಫಿ, ಬಾಡಗಿ ಮಾಫಿ. ತಗೊಳ್ರಪ್ಪಾ!"

ನನ್ನ ಪರಿಸ್ಥಿತಿ ಬೇರೆ ಇತ್ತು. ಹಿಂದಿನ ದಿನ ಒಬ್ಬ ವಕೀಲರು ಬಿಟ್ಟು ಹೋದ ಪತ್ರಿಕೆಯಲ್ಲಿ ನಾನು ಒಂದು ಸಾಲು ಓದಿದ್ದೆ: 'ಹಾಲಿ ಸಿಕ್ಕ ಸದ್ಯ ರದ್ದಾಗುವುದಿಲ್ಲ, ಕಲ್ದಾರಿನ ಜೊತೆಗೆ ಚಲಾವಣೆಯಲ್ಲಿರುತ್ತದೆ.' ಚಲಾವಣೆ ಎಂಬ ಮಾತು ಅದುವರೆಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸಾಲನ್ನು ಮೂರು ಸಲ ಓದಿದ್ದೆ. ಆದರೂ ಸಕ್ಕರೆ ಪೊಟ್ಟಣದಿಂದ ಕಲಿತ ಓದು, ಎಲ್ಲಾದರೂ ತಪ್ಪಿದ್ದರೆ? ಮೂರು ವರ್ಷದ ದುಡಿಮೆ ಒಲೆಗೆ ಹಾಕುವ ಕಾಗದ ಆಗುತ್ತದೆ. ಸರಿಯಾಗಿದ್ದರೆ ಇನ್ನೊಂದು ಅಂಜಿಕೆ. ನಾನು ಬಾಗಿಲು ದಾಟುವುದರೊಳಗೆ ಯಾರಾದರೂ ಸಾವಕಾರನಿಗೆ ಇದನ್ನು ಹೇಳಿದರೆ?

ಚಾಚಾನ ಕಿವಿಯಲ್ಲಿ ಹೇಳಿದೆ. ಅವರು ನನ್ನ ಮುಖ ನೋಡಿ, "ನಿನ್ನ ಓದಿನ ಮ್ಯಾಲ ನನ್ನ ಮೂರು ವರ್ಷ ಇಡ್ತೀನಿ ಬೇಟಿ" ಎಂದರು. ಅಲ್ಲಿಗೆ ನನ್ನ ಅಂಜಿಕೆ ಎರಡರಷ್ಟಾಯಿತು.

ಇಬ್ಬರೂ ಮುಂದೆ ಹೋದೆವು. ಸಾವಕಾರ ನೋಟು ಎಣಿಸಿ ಕೊಟ್ಟ. 'ಎಲ್ಲಾ ಬಾಕಿ ಮುಟ್ಟಿತು, ಮುಂದೆ ಯಾವ ತಕರಾರೂ ಇಲ್ಲ' ಎಂಬ ಕಾಗದ ಮುಂದಿಟ್ಟ. ಸಹಿ ಬರುತ್ತಿದ್ದರೂ, ಓದಿನ ಗುಟ್ಟು ಬಯಲಾಗಬಾರದೆಂದು ಹೆಬ್ಬೆಟ್ಟು ಒತ್ತಿದೆ. ಮಾನ ಬಿಟ್ಟು ಒತ್ತಿದ ಹೆಬ್ಬೆಟ್ಟು ಅದು. ಕೈ ಥರಥರ ನಡುಗುತ್ತಿತ್ತು, ಮಸಿ ಕಾಗದದ ತುಂಬ ಹರಡಿತು.

ಸಾವಕಾರ ನನ್ನ ಕೈ ನೋಡಿದ. ಪಾಪ, ಕಾಗದ ಆಗುವ ರೊಕ್ಕ ಸಿಕ್ಕಿತೆಂದು ನಡುಗುತ್ತಿದ್ದಾಳೆ ಅಂದುಕೊಂಡ. ಎಂದೂ ಕರಗದ ಅವನ ಕರುಳು ಅವತ್ತು ಕರಗಿತು. "ಅಂಜಬ್ಯಾಡ ತಂಗಿ. ತಗೋ, ಇದು ನನ್ನ ಖುಷೀಲೆ" ಎಂದು ಇನ್ನೂ ಇಪ್ಪತ್ತು ರೂಪಾಯಿ ಸೇರಿಸಿದ. ನನ್ನ ನಡುಕ ಇನ್ನೂ ಹೆಚ್ಚಾಯಿತು. ಅವನು ಇನ್ನೂ ಹತ್ತು ಇಟ್ಟ.

ಅವತ್ತಿನ ಮೋಟಾರಿಗೇ ಕಲ್ಯಾಣಕ್ಕೆ ಹೋದೆವು. ಇಳಿದವರು ನೇರವಾಗಿ ಭಾಂಡೆ ಅಂಗಡಿಗೆ ನಡೆದೆವು. ಹಿಟ್ಟು ನಾದುವ ಪರಾತ, ರೊಟ್ಟಿಯ ಹಂಚು ಆರಿಸಿ, ಹಾಲಿ ನೋಟು ಮುಂದೆ ಚಾಚಿದೆ. ಅಂಗಡಿಯವನು ನೋಟನ್ನು ಬೆಳಕಿಗೆ ಹಿಡಿದ. ನಾನು ಕಣ್ಣು ಮುಚ್ಚಿದೆ.

"ನಡೀತದೇನ್ರಿ?" ಎಂದರು ಚಾಚಾ. ಅವರ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಯಾಕ ನಡ್ಯಂಗಿಲ್ಲ? ಕಲ್ದಾರಿನ ದರ ನೋಡಿ ತಗೊಳ್ಳಾಕತ್ತೇವಿ. ಇನ್ನೇನರ ಬೇಕೇನು ಬಾಯಿ?" ಎಂದು ಅವನು ಚಿಲ್ಲರೆ ಎಣಿಸತೊಡಗಿದ.

ಚಾಚಾ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಬಹಳ ಹೊತ್ತು ತಮ್ಮ ಗಂಟನ್ನು ಎದೆಗೆ ಒತ್ತಿಕೊಂಡಿದ್ದರು. ಆಮೇಲೆ ಕಣ್ಣು ಒರೆಸಿಕೊಂಡು, ನನ್ನನ್ನು ನೋಡಿ, ತುಂಬ ಬೇಜಾರಿನ ಮುಖ ಮಾಡಿ ಹೇಳಿದರು:

"ಅವಸರ ಮಾಡಿಬಿಟ್ಟಿ ಬೇಟಿ. ಇನ್ನೊಂದು ಘಳಿಗಿ ನಡುಗಿದ್ದ್ಯಂದ್ರ ಖಾನಾವಳೀನೇ ನಮ್ಮ ಹೆಸರಿಗಿ ಬರದು ಕೊಡ್ತಿದ್ದ!"