ಸೂಪಿನ ಪೋಸ್ಟರಿನ ಮೇಲೆ ತಮ್ಮ ಬಲಗಾಲು

ಪಕ್ಕದ ಮನೆಯ ಟೈಲರ್ ಅವರ ಹೊಲಿಗೆ ಯಂತ್ರದ ಮೇಲೆ ಸದಾ ಆಸೀನರಾಗಿರುವ, ಬಂದ ಗಿರಾಕಿಗಳನ್ನೆಲ್ಲ ತಲೆಯಿಂದ ಪಾದದವರೆಗೆ ಅಳೆಯುವ, ಆ ಕಾರಣಕ್ಕೇ ಇಡೀ ಬೀದಿಯಿಂದ 'ಸಾಹೇಬ್ರು' ಎಂದು ಕರೆಸಿಕೊಳ್ಳುವ ಬೂದು ಬೆಕ್ಕಿನವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಮಧ್ಯಾಹ್ನದ ನಿದ್ದೆಗೆ ಭಂಗ ಬಾರದ ಹೊತ್ತು ನೋಡಿಕೊಂಡು ಈ ಪತ್ರವನ್ನು ಟೈಲರ್ ಅಂಗಡಿಯ ಬಾಗಿಲಿಗೆ ಅಂಟಿಸುತ್ತಿದ್ದೇನೆ. ತಾವು ಓದುವುದಿಲ್ಲವೆಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಈ ಹಿಂದೆ ನಾನು ದೂರು ಬರೆದ ಕಚೇರಿಗಳಲ್ಲಿ ಯಾರೂ ಓದಿದ ದಾಖಲೆಯಿಲ್ಲವಾದ್ದರಿಂದ, ಅದೊಂದೇ ಕಾರಣಕ್ಕೆ ತಮ್ಮನ್ನು ಕೈಬಿಟ್ಟರೆ ಪಕ್ಷಪಾತವಾದೀತೆಂದು ಹೆದರಿ ಬರೆಯುತ್ತಿದ್ದೇನೆ.

ನಾನು ತಮ್ಮ ನೆರೆಮನೆಯವಳು, ಚಿತ್ರ ಬರೆದು ಹೊಟ್ಟೆ ಹೊರೆಯುವವಳು. ಕಿಟಕಿಯ ಪಕ್ಕದ ನನ್ನ ಮೇಜಿನ ಮೇಲೆ ತಾವು ಎಷ್ಟೋ ಸಲ ಬಿಸಿಲು ಕಾಯಿಸಿಕೊಂಡಿರುವುದರಿಂದ ಹೆಚ್ಚಿನ ಪರಿಚಯ ಬೇಕಿಲ್ಲ. ನನ್ನ ಚಿಕ್ಕಮ್ಮನ ಪರಿಚಯ ಮಾತ್ರ ಅಗತ್ಯ. ಬಸ್ ಡಿಪೋದ ಕ್ಯಾಂಟೀನಿನಲ್ಲಿ ವರ್ಷಾನುಗಟ್ಟಲೆ ಡ್ರೈವರು ಕಂಡಕ್ಟರುಗಳಿಗೆ ಕುಂಬಳಕಾಯಿ ಸೂಪು ಮಾಡಿ ಬಡಿಸಿದವರು ಅವರು. ಮಣಿಕಟ್ಟಿನ ನೋವು ಹೆಚ್ಚಾಗಿ ದೊಡ್ಡ ಸೌಟು ತಿರುಗಿಸಲಾಗದೆ, ಈಗ ಟೋಕನ್ ಕೊಡುವ ಕೌಂಟರಿನಲ್ಲಿ ಕೂತಿದ್ದಾರೆ. ಒಲೆಯ ಮುಂದೆ ಬಂದಿರುವ ಗಂಡ ಹೆಂಡತಿ ಇಬ್ಬರೂ ದೂರದ ಊರಿನವರು, ನಮ್ಮ ಭಾಷೆ ಬಾರದವರು. ಆದ್ದರಿಂದ ಒಂದಕ್ಷರವೂ ಇಲ್ಲದೆ, ಬರೀ ಚಿತ್ರದಲ್ಲೇ ಸೂಪು ಕಲಿಸುವ ಪೋಸ್ಟರ್ ಬೇಕೆಂದು ಮ್ಯಾನೇಜರ್ ಕೇಳಿದರು. ಚಿಕ್ಕಮ್ಮ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: "ನಾನು ಮಾಡಿದ ಹಾಗೇ ಇರ್ಬೇಕು ಕಣೇ. ಒಂದು ಚಿಟಿಕೆ ಆಚೀಚೆ ಆದ್ರೂ ಅದು ನನ್ನ ಸೂಪಲ್ಲ."

ನಾನು ಮಾತು ಕೊಟ್ಟೆ. ಕೊಟ್ಟ ಮೇಲೆ ಪಟ್ಟ ಪಾಡಿಗೆ ತಾವೇ ಸಾಕ್ಷಿ. ನಾನು ಬರೆದ ಮೊದಲ ಕುಂಬಳಕಾಯಿಯನ್ನು ನೋಡಿ ಚಿಕ್ಕಮ್ಮ "ಇದೇನೇ, ಫುಟ್‌ಬಾಲಾ?" ಎಂದರು. ಎರಡನೆಯದನ್ನು ನೋಡಿ ಕನ್ನಡಕ ಒರೆಸಿಕೊಂಡರು. ಉರಿ ಸಣ್ಣದೋ ದೊಡ್ಡದೋ ಎಂದು ತಿಳಿಯಲು ಜ್ವಾಲೆಯ ಎತ್ತರ, ಕುದಿ ಬಂತೋ ಇಲ್ಲವೋ ಎಂದು ತಿಳಿಯಲು ಗುಳ್ಳೆಗಳ ಗಾತ್ರ, ಎಲ್ಲವನ್ನೂ ಅವರು ಪಕ್ಕದಲ್ಲಿ ಕೂತು ತಿದ್ದಿಸಿದರು. ಅಳತೆಗೆ ನಾವಿಬ್ಬರೂ ಸೇರಿ ಒಂದು ಕ್ರಮ ಕಂಡುಕೊಂಡು, ಅದನ್ನೂ ಹಾಳೆಯ ಕೆಳಗೆ ಚಿತ್ರದಲ್ಲೇ ಬರೆದೆವು: ದೊಡ್ಡ ವೃತ್ತವೆಂದರೆ ಒಂದು ಸೌಟು, ಸಣ್ಣ ಚುಕ್ಕೆಯೆಂದರೆ ಒಂದು ಚಮಚ, ನೀಲಿಯಾದರೆ ಉಪ್ಪು, ಕೆಂಪಾದರೆ ಖಾರದ ಪುಡಿ, ಕಪ್ಪಾದರೆ ಕಾಳುಮೆಣಸಿನ ಪುಡಿ. ಚಿಕ್ಕಮ್ಮನ ಸೂಪಿಗೆ ಆ ದೊಡ್ಡ ಪಾತ್ರೆಯಷ್ಟಕ್ಕೂ ಕಾಳುಮೆಣಸು ಒಂದೇ ಚಮಚ. ಪಾತ್ರೆಯ ಚಿತ್ರದ ಪಕ್ಕದಲ್ಲಿ ಆ ಒಂದೇ ಒಂದು ಕಪ್ಪು ಚುಕ್ಕೆಯನ್ನು ಉಸಿರು ಬಿಗಿಹಿಡಿದು ಇಟ್ಟು, ಕೈ ತೊಳೆದು, ಟೀ ಮಾಡಿಕೊಳ್ಳಲು ಒಳಗೆ ಹೋದೆ.

ಆ ಅವಧಿಯಲ್ಲಿ ತಾವು ಪರಿಶೀಲನೆಗೆ ಬಂದಿರಿ. ಬಣ್ಣದ ಬಟ್ಟಲುಗಳು ಹಲವಿದ್ದರೂ ಕಪ್ಪನ್ನೇ ಆರಿಸಿಕೊಂಡಿರಿ. ಅಷ್ಟು ದೊಡ್ಡ ಹಾಳೆಯಲ್ಲಿ ಖಾಲಿ ಜಾಗ ಬೇಕಾದಷ್ಟಿದ್ದರೂ ಪಾತ್ರೆಯ ಪಕ್ಕದಲ್ಲೇ, ನನ್ನ ಚುಕ್ಕೆಯ ಮೇಲೇ, ತಮ್ಮ ಬಲಗಾಲನ್ನು ಒಂದೇ ಒಂದು ಸಲ ಊರಿ ನಿರ್ಗಮಿಸಿದಿರಿ. ಹೀಗೆ ಒಂದೇ ಏಟಿಗೆ ಕೆಲಸ ಮುಗಿಸುವುದು ನನಗೆ ಈ ಜನ್ಮದಲ್ಲಿ ಸಾಧ್ಯವಾಗಿಲ್ಲ. ನಾನು ಟೀ ಲೋಟ ಹಿಡಿದು ಬರುವಷ್ಟರಲ್ಲಿ ಪ್ರಿಂಟಿಂಗ್ ಅಂಗಡಿಯವರು ಬಂದು ಹಾಳೆಯನ್ನು ಸುತ್ತಿಕೊಂಡು ಹೋಗಿದ್ದರು.

ಅವರೂ ಕಡಿಮೆಯವರಲ್ಲ. ಕಂಪ್ಯೂಟರಿನಲ್ಲಿ ನೋಡಿದಾಗ ಗುರುತು ಸ್ವಲ್ಪ ಕದಡಿದಂತೆ ಕಂಡಿತಂತೆ. ಕೆಳಗೆ ಅಳತೆಯ ಕ್ರಮ ಇದ್ದೇ ಇದೆಯಲ್ಲ ಎಂದು, ತಾವು ಊರಿದ ಅಂಗಾಲನ್ನು ಅಚ್ಚುಕಟ್ಟಾದ ಒಂದು ದೊಡ್ಡ ವೃತ್ತವನ್ನಾಗಿಯೂ ನಾಲ್ಕು ಬೆರಳುಗಳನ್ನು ನಾಲ್ಕು ದುಂಡನೆಯ ಚುಕ್ಕೆಗಳನ್ನಾಗಿಯೂ ಮಾಡಿಕೊಟ್ಟರು. "ನೀವು ಅವಸರದಲ್ಲಿ ಬರೆದಿದ್ರಿ ಅನ್ಸುತ್ತೆ ಮೇಡಂ, ನಾನೇ ಸರಿ ಮಾಡಿದೆ" ಎಂದು ಆಮೇಲೆ ನನಗೆ ಹೇಳಿದಾಗ ಅವರ ಮುಖದಲ್ಲಿದ್ದ ತೃಪ್ತಿಯನ್ನು ತಾವು ನೋಡಬೇಕಿತ್ತು. ಅಂದು ಕಿಟಕಿಯ ಕಟ್ಟೆಯಿಂದ ನಾನು ಒರೆಸಿಹಾಕಿದ್ದ ಕಪ್ಪು ಹೆಜ್ಜೆಗಳ ಅರ್ಥ ನನಗೆ ಹೊಳೆದದ್ದು ಆಗಲೇ.

ಹೊಸ ಅಡುಗೆಯವರು ಚಾಚೂ ತಪ್ಪದೆ ಪೋಸ್ಟರನ್ನು ಪಾಲಿಸಿದರು. ಒಂದು ಸೌಟು ಮತ್ತು ನಾಲ್ಕು ಚಮಚ ಕಾಳುಮೆಣಸು. ಮೊದಲ ಪಾಳಿಯ ಡ್ರೈವರುಗಳ ಮೂಗು ಸೋರಿತು, ಕಣ್ಣಲ್ಲಿ ನೀರು ಬಂತು, ಒಬ್ಬ ಕಂಡಕ್ಟರ್ ಹೊರಗೆ ಹೋಗಿ ಕಂಬ ಹಿಡಿದುಕೊಂಡು ನಿಂತರು. ನಂತರ ಎಲ್ಲರೂ ಒಬ್ಬರ ಹಿಂದೊಬ್ಬರು ಬಂದು ಇನ್ನೊಂದು ಬಟ್ಟಲು ಕೇಳಿದರು. ಅಂದಿನಿಂದ ಪಾತ್ರೆ ಬೇಗ ಖಾಲಿಯಾಗುತ್ತಿದೆ, ನೆಗಡಿಯಾದವರು ಬೇರೆ ಡಿಪೋಗಳಿಂದ ಬರುತ್ತಿದ್ದಾರೆ. ಅದು ಬೆಕ್ಕಿನ ಹೆಜ್ಜೆಯೆಂದು ನಾನು ಮ್ಯಾನೇಜರಿಗೆ ವಿನಂತಿಪೂರ್ವಕವಾಗಿ ತಿಳಿಸಿದಾಗ, "ಯಾರ ಹೆಜ್ಜೆ ಆದ್ರೇನಮ್ಮ, ತೆಗೀಬೇಡಿ" ಎಂದು ಅಪ್ಪಣೆ ಮಾಡಿದರು.

ಈ ಸಂಭ್ರಮದಲ್ಲಿ ಪಾಲ್ಗೊಳ್ಳದವರು ಚಿಕ್ಕಮ್ಮ ಒಬ್ಬರೇ. ಕೌಂಟರಿನಲ್ಲಿ ಕೂತವರ ಕಿವಿಗೆ ಎಲ್ಲವೂ ಬೀಳುತ್ತದೆ. "ಈಗ ನೋಡಿ, ಸೂಪು ಅಂದ್ರೆ ಸೂಪು" ಎಂದು ಜನ ಟೋಕನ್ ಪಡೆಯುವುದು ಅವರ ಕೈಯಿಂದಲೇ. ಆ ಸೂಪನ್ನು ಅವರು ನಾಲಿಗೆಯ ತುದಿಗೂ ಮುಟ್ಟಿಸಲಿಲ್ಲ. ನನ್ನ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, "ಇಷ್ಟು ವರ್ಷ ನಾನು ಬಿಸಿನೀರು ಕೊಟ್ನಾ ಹಾಗಾದ್ರೆ? ನನ್ನ ಅಡುಗೇನ ತಿದ್ದೋಕೆ ನೀನ್ಯಾರೇ?" ಎಂದು ಕೇಳಿದರು. ನಾನು ತಮ್ಮ ಹೆಸರು ಹೇಳಿದೆ. "ತಪ್ಪು ಮಾಡಿ ಬೆಕ್ಕಿನ ಮೇಲೆ ಹಾಕ್ತೀಯಾ" ಎಂದು ಹೊರಟುಹೋದರು. ನನ್ನನ್ನು ಎತ್ತಿ ಆಡಿಸಿದ ಚಿಕ್ಕಮ್ಮ ನನ್ನೊಡನೆ ಮಾತು ಬಿಟ್ಟರು. ನನಗೆ ಊಟ ಸೇರುತ್ತಿಲ್ಲ. ಮೂಲ ಹಾಳೆಯನ್ನಾದರೂ ತೋರಿಸೋಣವೆಂದರೆ, ಪ್ರಿಂಟಿಂಗ್ ಅಂಗಡಿಯವರು "ಎಲ್ಲೋ ಇಟ್ಟಿದ್ದೀನಿ, ಹುಡುಕಿ ಕೊಡ್ತೀನಿ" ಎನ್ನುತ್ತಲೇ ಇದ್ದಾರೆ.

ಆದ್ದರಿಂದ ಮಾನ್ಯರಲ್ಲಿ ನನ್ನ ಕೋರಿಕೆ ಇಷ್ಟೇ. ತಾವು ಖುದ್ದಾಗಿ ಕ್ಯಾಂಟೀನಿಗೆ ದಯಮಾಡಿಸಿ, ಚಿಕ್ಕಮ್ಮನ ಎದುರು ಹೇಳಿಕೆ ಕೊಡಬೇಕು. ಅದು ತಮ್ಮ ಅಂತಸ್ತಿಗೆ ಕುಂದೆನಿಸಿದರೆ, ಬಂದ ದಾರಿಯಲ್ಲೇ ಹಿಮ್ಮುಖವಾಗಿ ನಡೆದು ಹೆಜ್ಜೆಯನ್ನು ಹಿಂದಕ್ಕೆ ಪಡೆಯಬೇಕು. ಅದೂ ಆಗದಿದ್ದರೆ, ಮುಂದೆ ನನ್ನ ಮೇಜಿಗೆ ಬರುವಾಗಲಾದರೂ ಪಾದರಕ್ಷೆ ಧರಿಸಿ ಬರಬೇಕು. ತಮ್ಮ ಅಳತೆಗೆ ಹೊಲಿದುಕೊಡಲು ಟೈಲರ್ ಸಿದ್ಧರಿದ್ದಾರೆ, ನಾನು ವಿಚಾರಿಸಿದ್ದೇನೆ.

ಪತ್ರವನ್ನು ಇಲ್ಲಿಗೆ ಮುಗಿಸಿ ಗೋಂದು ಹುಡುಕುತ್ತಿದ್ದೆ, ಅಷ್ಟರಲ್ಲಿ ಚಿಕ್ಕಮ್ಮ ಬಂದರು. ಸೂಪು ಕುಡಿಯಲು ಬಂದ ಪ್ರಿಂಟಿಂಗ್ ಅಂಗಡಿಯವರು ಮೂಲ ಹಾಳೆಯನ್ನು ಅವರ ಕೈಗೇ ಕೊಟ್ಟು ಹೋಗಿದ್ದರಂತೆ. ಅದನ್ನು ನನ್ನ ಮೇಜಿನ ಮೇಲೆ ಹರಡಿದರು. ಆ ಕ್ಷಣದಲ್ಲಿ ತಾವು ಯಾರೂ ಕರೆಯದೆ ಕಿಟಕಿಯಿಂದ ಇಳಿದುಬಂದು, ಅದರ ಮೇಲೆ ಕೂತು, ಇನ್ನೂ ಕಪ್ಪು ಬಿಡದ ಬಲಗಾಲನ್ನು ನೆಕ್ಕತೊಡಗಿದಿರಿ. ಚಿಕ್ಕಮ್ಮ ಆ ಕಪ್ಪು ಕಾಲನ್ನು ನೋಡಿದರು, ಹಾಳೆಯನ್ನು ನೋಡಿದರು. ಆಮೇಲೆ ಅದೇ ಪಾದವನ್ನು ಹಿಡಿದು ಆ ಗುರುತಿನ ಮೇಲೆ ಇಟ್ಟರು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಅವರು ಕುರ್ಚಿ ಹಿಡಿದುಕೊಂಡು ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ನಾನು ಅತ್ತುಬಿಟ್ಟೆ. ತಾವು ಎದ್ದು ಹೋದಿರಿ.

ಮರುದಿನ ಅವರು ಕೌಂಟರಿನಿಂದ ಎದ್ದು ಒಳಗೆ ಹೋಗಿ ಒಂದು ಬಟ್ಟಲು ಸೂಪು ಕೇಳಿ, ನಿಂತೇ ಕುಡಿದು, ಸೆರಗಿನಿಂದ ಮೂಗು ಒರೆಸಿಕೊಂಡರಂತೆ. ಈಗ ಸೂಪನ್ನು ಹೊಗಳಿದವರಿಗೆಲ್ಲ ಟೋಕನ್ನಿನ ಜೊತೆ ಒಂದು ಮಾತನ್ನೂ ಕೊಡುತ್ತಿದ್ದಾರೆ: "ಮೇಲಿನ ಖಾರ ಬೆಕ್ಕಿಂದು. ಕೆಳಗಿರೋದೆಲ್ಲ ನಂದು."

ದೂರನ್ನು ಹಿಂದಕ್ಕೆ ಪಡೆಯುತ್ತಿಲ್ಲ. ಪಾದರಕ್ಷೆಯ ಕೋರಿಕೆ ಹಾಗೆಯೇ ಇದೆ.

ಕಿಟಕಿಗೆ ಇನ್ನೂ ಚಿಲಕ ಹಾಕಿಸದ,
ತಮ್ಮ ವಿಶ್ವಾಸಿ,
ಪಕ್ಕದ ಮನೆಯ ಚಿತ್ರ ಬರೆಯುವವಳು

ಮರೆತ ಮಾತು: ತಮಗೆ ದಿನಾ ನನ್ನ ಲೆಕ್ಕದಲ್ಲಿ ಹಾಲು ಹಾಕಬೇಕೆಂದು ಚಿಕ್ಕಮ್ಮ ಅಪ್ಪಣೆ ಮಾಡಿದ್ದಾರೆ. ಎಷ್ಟು ಹಾಕಲಿ ಎಂದು ಕೇಳಿದೆ. "ಅವರೇ ಬರೆದುಕೊಟ್ಟಿದ್ದಾರಲ್ಲೇ," ಎಂದರು, "ಒಂದು ಸೌಟು, ನಾಲ್ಕು ಚಮಚ."