ಮರ್ವ್ ಹಾಕಿದ ಮೊದಲ ಸಹಿ

ಡಬ್ಬೊ ಊರಿನಲ್ಲಿ ಮನೆಬಾಗಿಲಿಗೆ ಮದ್ಯ ಮುಟ್ಟಿಸುವ ಅಂಗಡಿ ಯಜಮಾನರು ಹಲವರಿದ್ದರೂ ಕಾನೂನಿಗೆ ದಿನವೂ ಆರತಿ ಎತ್ತುವವನು ತಾನೊಬ್ಬನೇ ಎಂಬುದು ಮರ್ವ್ ಟಲ್ಲಿಯ ಹೆಮ್ಮೆ. ಗುರುತಿನ ಚೀಟಿ ನೋಡದೆ ಬಾಟಲಿ ಕೊಡಬಾರದು, ಅಮಲಿನಲ್ಲಿದ್ದವರಿಗೆ ಕೊಡಬಾರದು, 'ಇನ್ನು ನನಗೆ ಕಳಿಸಬೇಡಿ' ಎಂದು ಸಹಿ ಹಾಕಿದವನು ಕಾಲು ಹಿಡಿದರೂ ಕೊಡಬಾರದು. ಎಲ್ಲವನ್ನೂ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿ ಅಂಗಡಿಯಲ್ಲಿ ತೂಗುಹಾಕಿದ್ದ.

"ನಮ್ಮತ್ತೆ ಕೇಳಿದ್ರೂ ಚೀಟಿ ತೋರಿಸ್ಲೇಬೇಕು" ಎನ್ನುತ್ತಿದ್ದ.

ಕೊನೆಯ ನಿಯಮದಡಿ ಮೊದಮೊದಲು ಯಾರೂ ಸಹಿ ಹಾಕಲಿಲ್ಲ. ಮರ್ವ್ ತಾನೇ ಮೊದಲ ಸಹಿ ಹಾಕಿ, ಅಂಗಡಿಯ ಮುಂದೆ ನಿಂತು ಫೋಟೋ ಹೊಡೆಸಿಕೊಂಡ. ಅದನ್ನು ನೋಡಿ ಪಕ್ಕದ ಮನೆಯ ಬ್ರಾಡಿ ಎರಡನೆಯ ಸಹಿ ಹಾಕಿದ. ಕುಡಿತದಿಂದ ಕೆಲಸ ಕಳೆದುಕೊಂಡು, ಹೆಂಡತಿಯೂ ಬಿಟ್ಟುಹೋದವನು. ಒಬ್ಬನಿಗೆ ಸಹಿ ಜಾಹೀರಾತು, ಇನ್ನೊಬ್ಬನಿಗೆ ಹಿಡಿದುಕೊಳ್ಳಲು ಸಿಕ್ಕ ಹಗ್ಗ.

ಭಾನುವಾರ ರಗ್ಬಿ ಫೈನಲ್. ಮನೆಯ ಹಿತ್ತಲಲ್ಲಿ ಮರ್ವ್ ಮಾಂಸ ಸುಡುತ್ತಿದ್ದ. ಗೆಳೆಯ ಗ್ಯಾರಿ, ಅತ್ತೆ ಐಲೀನ್, ನಿಂಬೆ ಶರಬತ್ತು ಹಿಡಿದ ಬ್ರಾಡಿ, ಎಲ್ಲರೂ ಟಿ.ವಿ. ಮುಂದೆ. ಮಾಂಸಕ್ಕೆ ಉಪ್ಪು, ಖಾರ, ಈರುಳ್ಳಿ ಎಲ್ಲ ನೆನಪಿತ್ತು. ಬಿಯರ್ ತರುವುದೊಂದು ಮರೆತಿತ್ತು. ಅಂಗಡಿಗೆ ಫೋನ್ ಹೋಯಿತು.

ಅಂಗಡಿಯ ವ್ಯಾನಿನಿಂದ ಇಳಿದವಳು, ಅಂದು ಅಂಗಡಿ ನೋಡಿಕೊಳ್ಳುತ್ತಿದ್ದ ಮರ್ವ್‌ನ ಹೆಂಡತಿ ನೊರೀನ್. ಬಿಯರ್ ಪೆಟ್ಟಿಗೆಯನ್ನು ತನ್ನ ಸೊಂಟಕ್ಕೇ ಒತ್ತಿ ಹಿಡಿದಿದ್ದಳು.

"ಹೆಸರು?"

"ತಮಾಷೆ ಬೇಡ ಕಣೇ, ಇಟ್ಟು ಹೋಗು."

"ಮರ್ವಿನ್ ಟಲ್ಲಿ ಅಂತ ಒಬ್ರು ಕಳಿಸಬೇಡಿ ಅಂತ ಸಹಿ ಹಾಕವ್ರೆ."

"ಅದು ಫೋಟೋಗೆ ಹಾಕಿದ್ದು!"

"ಫೋಟೋಗೆ ಬೇರೆ ಕಾನೂನು ಬರ್ದಿಲ್ಲ."

"ನನ್ ಹೆಸ್ರಿಗೆ ಕೊಡವ್ವ" ಎಂದು ಗ್ಯಾರಿ ಬಾಗಿಲ ಚೌಕಟ್ಟು ಹಿಡಿದು ಎದ್ದ. ಬರುವಾಗಲೇ ಕಾರಿನಲ್ಲಿ ನಾಲ್ಕು ಕ್ಯಾನ್ ಮುಗಿಸಿದ್ದ.

"ನೀನು ಮೊದ್ಲು ಚೌಕಟ್ಟು ಬಿಟ್ಟು ನಿಲ್ಲು, ನೋಡೋಣ."

ಗ್ಯಾರಿ ಬಿಟ್ಟ. ನಿಲ್ಲಲಿಲ್ಲ.

ಉಳಿದವಳು ಎಂಬತ್ತಮೂರರ ಅತ್ತೆ. ಕಾರು ಓಡಿಸುವುದನ್ನು ನಿಲ್ಲಿಸಿ ಲೈಸೆನ್ಸ್ ವಾಪಸ್ ಕೊಟ್ಟಿದ್ದಳು. ಬೇರೆ ಚೀಟಿ ಇರಲಿಲ್ಲ.

"ನನ್ನ ಹೆತ್ತೋಳು ಅಂತ ಗೊತ್ತಮ್ಮ" ಎಂದಳು ನೊರೀನ್. "ಆದ್ರೆ ಅಳಿಯಂದ್ರು ಬೋರ್ಡಲ್ಲಿ ಬರೆಸವ್ರೆ."

ಮರ್ವ್ ಅವಳನ್ನು ಅಂಗಳಕ್ಕೆ ಎಳೆದೊಯ್ದು ದನಿ ತಗ್ಗಿಸಿದ. "ನನ್ನ ಮಾನ ಹೋಗ್ತಾ ಇದೆ. ಆ ಸಹಿ ಅಳಿಸಿಹಾಕು."

"ಅಳಿಸೋ ಅಧಿಕಾರ ಅಂಗಡಿ ಯಜಮಾನ್ರಿಗೆ. ಒಳಗೆ ಹೋಗಿ ಬ್ರಾಡಿ ಎದುರಿಗೇ ಅಳಿಸು. ನಿನ್ನ ಸಹಿ ನೋಡ್ಕಂಡೇ ಅವ್ನು ಹಾಕಿದ್ದು. ಆಮೇಲೆ ನಾಳೆ ಅವ್ನು ಫೋನ್ ಮಾಡಿದ್ರೆ ಏನು ಹೇಳ್ಲಿ, ನೀನೇ ಹೇಳು."

ಮರ್ವ್ ಕಿಟಕಿಯತ್ತ ನೋಡಿದ. ಬ್ರಾಡಿ ಆಟ ನೋಡುತ್ತಿರಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕುಡಿಯದೆ, ಆ ಪೆಟ್ಟಿಗೆಯನ್ನೇ ನೋಡುತ್ತಿದ್ದ. ಬೋರ್ಡಿನ ಮೇಲೆ ಕಾನೂನು ಬರೆಸುವುದು ಸುಲಭ. ಅದು ಬಂದು ನಮ್ಮ ನಾಲಿಗೆಯ ಮೇಲೆ ಕೂತಾಗ ಗಂಟಲು ಒಣಗುತ್ತದೆ.

"ತಗೊಂಡು ಹೋಗು" ಎಂದ ಮರ್ವ್.

ವ್ಯಾನು ಹೊರಟಿತು. ಒಳಗೆ ಬ್ರಾಡಿ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿದ. ಗ್ಯಾರಿ ಬಿದ್ದಲ್ಲೇ ಗೊರಕೆ ಹೊಡೆಯುತ್ತಿದ್ದ. ಮರ್ವ್ ತಲೆ ತಗ್ಗಿಸಿ ಶರಬತ್ತಿನ ಜಗ್ಗಿಗೆ ಕೈ ಚಾಚಿದ.

ಅತ್ತೆ ಜಗ್ಗನ್ನು ತನ್ನತ್ತ ಎಳೆದುಕೊಂಡಳು.

"ಚೀಟಿ ಎಲ್ಲಪ್ಪಾ?"