ಇಂದುಶೇಖರರ ತಿದ್ದುಪಡಿ

ಇಂದುಶೇಖರರಿಗೆ ಬೀಡಿಯಿಲ್ಲ, ಇಸ್ಪೀಟಿಲ್ಲ, ಎಲೆಯಡಿಕೆಯೂ ಇಲ್ಲ. ಇದ್ದ ಚಟ ಒಂದೇ. ಯಾರಾದರೂ ಒಂದು ವಸ್ತುವಿಗೆ ತಪ್ಪು ಹೆಸರು ಹೇಳಿದರೆ ಅದನ್ನು ತಿದ್ದುವವರೆಗೆ ಅವರ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಜನಕಪುರಿಯ ಕಿರಾಣಿ ಅಂಗಡಿಯ ಭಯ್ಯಾನಿಗೆ, ಕೋಲ್ಗೇಟ್ ಅನ್ನಬಾರದು, ಟೂತ್‌ಪೇಸ್ಟ್ ಅನ್ನಬೇಕು ಎಂದು ಅರ್ಧ ಗಂಟೆ ಪಾಠ ಹೇಳಿ, ಟೂತ್‌ಪೇಸ್ಟನ್ನೇ ಮರೆತು ಮನೆಗೆ ಬಂದ ಆಸಾಮಿ ಅವರು.

ಈ ಚಟಕ್ಕೆ ಸಂಬಳವೂ ಬರುತ್ತಿತ್ತು. ಕೇಂದ್ರ ಸರಕಾರದ ಕಚೇರಿಯೊಂದರ ಪದಕೋಶ ವಿಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಸ್ತುಗಳಿಗೆ ಸರಿಯಾದ ಕನ್ನಡ ಹೆಸರು ಗೊತ್ತುಮಾಡುವುದೇ ಅವರ ಕೆಲಸ. ಕಳೆದ ಮೂರು ವರ್ಷ ಆಯುಧಗಳ ಸಂಪುಟ. ಬ್ಯಾಂಕಿನ ಕಾವಲುಗಾರನ ಹೆಗಲ ಮೇಲಿನದನ್ನು ಬಿಟ್ಟರೆ ಬಂದೂಕನ್ನೇ ಕಾಣದ ಈ ಮನುಷ್ಯ, ಅದರ ಮೂವತ್ತೊಂದು ಬಿಡಿಭಾಗಗಳ ಹೆಸರನ್ನು ನಿದ್ದೆಯಲ್ಲೂ ಒಪ್ಪಿಸುತ್ತಿದ್ದರು.

ಆ ಸೋಮವಾರ ಹನ್ನೊಂದು ಗಂಟೆಗೆ ವಿಭಾಗದ ಮುಖ್ಯಸ್ಥನ ಹುದ್ದೆಗೆ ಸಂದರ್ಶನವಿತ್ತು. ಅದು ಕೈತಪ್ಪಿದರೆ ನಿವೃತ್ತಿಯವರೆಗೂ ಅದೇ ಕುರ್ಚಿ, ಅದೇ ಅಲುಗಾಡುವ ಮೇಜು. ಪೈಪೋಟಿಗಿದ್ದವನು ಒಬ್ಬನೇ, ಹತ್ತು ವರ್ಷ ಕಿರಿಯ ಚಂದ್ರಮೋಹನ. ಅವನೋ ವನಸ್ಪತಿಗೆ ಡಾಲ್ಡಾ ಅನ್ನುವವನು, ನಕಲು ಪ್ರತಿಗೆ ಜೆರಾಕ್ಸ್ ಅನ್ನುವವನು, ಪಿಸ್ತೂಲಿಗೂ ರಿವಾಲ್ವರಿಗೂ ವ್ಯತ್ಯಾಸ ತಿಳಿಯದವನು. 

ಅವರು ಚಪ್ಪಲಿ ಮೆಟ್ಟುತ್ತಿದ್ದಾಗ ಹೆಂಡತಿ ರತ್ನಪ್ರಭಾ ಅಡಿಗೆಮನೆಯಿಂದಲೇ ಹೇಳಿದರು. "ರೀ, ಮಧ್ಯಾಹ್ನ ನಾನು ಮನೇಲಿರಲ್ಲ. ಇನ್ನೊಂದು ಬೀಗದಕೈ ನಿಮ್ಮ ಬ್ಯಾಗಲ್ಲಿ ಹಾಕಿದೀನಿ. ಆ ಬುಲೆಟ್ ಕೀಚೈನ್ ಇದ್ಯಲ್ಲ, ಅದರಲ್ಲಿದೆ."

"ಬುಲೆಟ್ ಅಲ್ಲ, ಖಾಲಿ ತೋಟಾ. ಬುಲೆಟ್ ಅಂದ್ರೆ ಮುಂದೆ ಹಾರಿ ಹೋಗೋ ತುದಿ ಮಾತ್ರ," ಎಂದರು ಇಂದುಶೇಖರರು.

ಹೆಸರು ಸರಿಪಡಿಸಿದ ಸಮಾಧಾನದಲ್ಲಿ ಮೆಟ್ಟಿಲಿಳಿದರು. ಆ ವಸ್ತು ತಮ್ಮ ಬ್ಯಾಗಿನಲ್ಲಿದೆ ಎಂಬುದು ಮಾತ್ರ ತಲೆಗೆ ಹೋಗಲಿಲ್ಲ. ಮೇಲಿನ ಮನೆಯ ನಿವೃತ್ತ ಸುಬೇದಾರ್ ದಿಲೀಪ್ ಸಿಂಗ್ ದೀಪಾವಳಿಗೆ ಪ್ರೀತಿಯಿಂದ ಕೊಟ್ಟದ್ದು, ಗುಂಡು ಹಾರಿಹೋದ ಹಿತ್ತಾಳೆಯ ತೋಟಾದಿಂದ ಮಾಡಿದ ಕೀಚೈನ್ ಅದು.

ಮೆಟ್ರೋ ಸ್ಟೇಷನ್ನಿನ ತಪಾಸಣೆಯ ಯಂತ್ರದೊಳಗೆ ಬ್ಯಾಗು ಹೋಯಿತು, ಹೊರಗೆ ಬರಲಿಲ್ಲ. ಪರದೆ ನೋಡುತ್ತಿದ್ದ ತರುಣ, ಬ್ಯಾಗಿನಲ್ಲಿ ಗೋಲಿ, ಅಂದರೆ ಗುಂಡು, ಇದೆಯಾ ಎಂದು ಹಿಂದಿಯಲ್ಲಿ ಕೇಳಿದ. ಅದು ಬರೀ ಕೀಚೈನ್ ಎಂದಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಇಂದುಶೇಖರರು ಕನ್ನಡಕ ಸರಿಮಾಡಿಕೊಂಡು, ಗೋಲಿ ಬೇರೆ, ಕಾರತೂಸು ಅಂದರೆ ತೋಟಾ ಬೇರೆ, ಮದ್ದು ಬೇರೆ, ಮದ್ದಿಗೆ ಕಿಡಿ ತಾಗಿಸುವ ಟೋಪಿ ಬೇರೆ ಎಂದು ತಮ್ಮ ಕನ್ನಡದ ಹಿಂದಿಯಲ್ಲಿ ಬಿಡಿಸಿ ಹೇಳತೊಡಗಿದರು. ಹಿಂದಿನ ಸಾಲು ಮೆಲ್ಲಗೆ ಅವರಿಂದ ದೂರ ಸರಿಯಿತು.

"ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು?" ತರುಣ ಕೇಳಿದ.

"ಮೂರು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ," ಎಂದರು ಹೆಮ್ಮೆಯಿಂದ.

ಐದು ನಿಮಿಷದಲ್ಲಿ ಅವರು ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಕೂತಿದ್ದರು. ಗಡಿಯಾರ ಒಂಬತ್ತೂ ಹತ್ತು ತೋರಿಸುತ್ತಿತ್ತು. ದಪ್ಪ ಮೀಸೆಯ ಅಧಿಕಾರಿ ಬ್ಯಾಗನ್ನು ಮೇಜಿನ ಮೇಲೆ ಸುರಿದ. ಬೀಗದಕೈ ಬಿತ್ತು, ಮೊಸರನ್ನದ ಡಬ್ಬಿ ಬಿತ್ತು, ಆಮೇಲೆ ಸಂದರ್ಶನಕ್ಕೆಂದು ಸಿದ್ಧಮಾಡಿದ ಕಾಗದಗಳು ಬಿದ್ದವು. ಒಂದೊಂದರಲ್ಲೂ ಬಂದೂಕಿನ ಚಿತ್ರ, ಬಾಣದ ಗುರುತು, ಅಧಿಕಾರಿಗೆ ಅರ್ಥವಾಗದ ಲಿಪಿ. 

ಕೊಟ್ಟವರನ್ನೇ ಕೇಳಿ ಎಂದು ಅವರು ಸುಬೇದಾರರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ದಿಲೀಪ್ ಸಿಂಗರ ದನಿ ಕೋಣೆ ತುಂಬಿತು. "ಹಾಂ ಜೀ, ಗೋಲಿ ನಾನೇ ಕೊಟ್ಟಿದ್ದು. ಇಂದು ಭಾಯಿಗೆ ಬೇಕಿದ್ದರೆ ಹೇಳಿ, ಇನ್ನೂ ಒಂದು ಡಬ್ಬ ಇದೆ."

ಅಧಿಕಾರಿ ನೀರು ಕುಡಿದು, ಕಚೇರಿಯವರು ಯಾರಾದರೂ ಬಂದು ಗುರುತು ಹೇಳಲಿ, ಇಲ್ಲದಿದ್ದರೆ ಠಾಣೆಗೆ ಕಳಿಸುತ್ತೇನೆ ಎಂದ. ಅಷ್ಟು ಬೆಳಿಗ್ಗೆ ಫೋನ್ ಎತ್ತಿ ವಿಷಯ ಕೇಳಿದವನು ಚಂದ್ರಮೋಹನ ಒಬ್ಬನೇ.

"ಏನ್ ಸಾರ್, ನಿಮ್ಮ ಹತ್ರ ಬುಲೆಟ್ ಸಿಕ್ತಾ?"

ವಿಷಯ ಕುತ್ತಿಗೆಗೆ ಬಂದಿದ್ದರೂ ಇಂದುಶೇಖರರಿಗೆ ಸುಮ್ಮನಿರಲಾಗಲಿಲ್ಲ. "ಬುಲೆಟ್ ಅಲ್ಲಪ್ಪ, ಖಾಲಿ ತೋಟಾ. ಬುಲೆಟ್ ಅಂದ್ರೆ ಮುಂದೆ ಹಾರಿ ಹೋಗೋ ತುದಿ ಮಾತ್ರ. ಬೇಗ ಬಾ."

ಪುಣ್ಯಾತ್ಮ ಊರಿನ ಇನ್ನೊಂದು ತುದಿಯ ಲಕ್ಷ್ಮೀ ನಗರದ ತನ್ನ ಮನೆಯಿಂದ ಬಂದ. ಬಂದವನು ಅಧಿಕಾರಿಯ ಹತ್ತಿರ ಬಗ್ಗಿ, ಇವರು ಅಪಾಯದವರಲ್ಲ, ಡಿಕ್ಷನರಿ ಬರೆಯುವವರು ಎಂದು ಗುರುತಿನ ಚೀಟಿ ತೋರಿಸಿದ. ಅಧಿಕಾರಿಗೆ ಒಮ್ಮೆಲೇ ಎಲ್ಲ ಅರ್ಥವಾದಂತಾಯಿತು. ಕೀಚೈನನ್ನು ಇಟ್ಟುಕೊಂಡು ಬೀಗದಕೈ ಕೊಟ್ಟ. ಪುಸ್ತಕದಲ್ಲಿ 'ಗೋಲಿ, ಒಂದು' ಎಂದು ಬರೆದು ಸಹಿ ಹಾಕಲು ಹೇಳಿದ. ಇಂದುಶೇಖರರ ಪೆನ್ನು ತಡೆಯಿತು. ಚಂದ್ರಮೋಹನ ಮೊಣಕೈ ಚಿವುಟಿದ ಮೇಲೆ ಸಹಿ ಬಿತ್ತು.

"ಅಂಕಲ್‌ಜೀ, ಎದುರಿಗಿದ್ದವರು ಏನಂತಾರೋ ಅದಕ್ಕೆ ಹೂಂ ಅನ್ನೋದು ಕಲೀರಿ. ಸುಖವಾಗಿರ್ತೀರಿ," ಎಂದ ಅಧಿಕಾರಿ.

ರೈಲಿನಲ್ಲಿ ಕಂಬಿ ಹಿಡಿದು ನಿಂತ ಇಂದುಶೇಖರರು, ಇನ್ನು ಈ ಜನ್ಮದಲ್ಲಿ ಯಾರನ್ನೂ ತಿದ್ದುವುದಿಲ್ಲ ಎಂದು ಮನೆದೇವರ ಮೇಲೆ ಆಣೆ ಮಾಡಿಕೊಂಡರು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಕಚೇರಿ ಸೇರಿದರು. ಆಯ್ಕೆ ಸಮಿತಿಯ ಅಧ್ಯಕ್ಷರು ಮುರಳೀಧರ ಎಂಬ ಹಿರಿಯ ಕನ್ನಡ ಪ್ರಾಧ್ಯಾಪಕರು. ಕುಶಲ ವಿಚಾರಿಸಿ ಒಂದು ಚಿತ್ರ ಮುಂದಿಟ್ಟರು. ಖಾಲಿ ತೋಟಾದ ಚಿತ್ರ, ಕಣ್ಣು ಮುಚ್ಚಿದರೂ ಗುರುತಾಗುವಂಥದ್ದು.

"ಈ ಬುಲೆಟ್ ಚಿತ್ರವನ್ನ ನಮ್ಮ ಸಂಪುಟದ ಮುಖಪುಟಕ್ಕೆ ಹಾಕೋಣ ಅಂತಿದೀನಿ. ಕೆಳಗೆ ಬುಲೆಟ್ ಅಂತಲೇ ಬರೆದುಬಿಡೋಣವೇ?"

ತಿದ್ದುಪಡಿ ಇಂದುಶೇಖರರ ನಾಲಿಗೆಯ ತುದಿಯವರೆಗೆ ಬಂತು. ಕಿಟಕಿಯಿಲ್ಲದ ಕೋಣೆ ಕಣ್ಣ ಮುಂದೆ ಬಂತು, ಮೀಸೆ ಬಂತು, ಆಣೆ ನೆನಪಾಯಿತು. "ಹೂಂ ಸಾರ್, ಹಾಗೇ ಆಗ್ಲಿ," ಎಂದರು. ಅಧ್ಯಕ್ಷರು ಅವರನ್ನು ಒಂದು ಗಳಿಗೆ ನೋಡಿ, ಏನೋ ಬರೆದುಕೊಂಡು, ನೀವು ಹೊರಡಬಹುದು ಎಂದರು. ಯಾರನ್ನೂ ಕೆಣಕದೆ ಹೊರಬಂದ ತಮ್ಮ ಬುದ್ಧಿಯನ್ನು ಇಂದುಶೇಖರರು ತಾವೇ ಮೆಚ್ಚಿಕೊಂಡರು.

ಸಂಜೆ ನಾಲ್ಕಕ್ಕೆ ಅಧ್ಯಕ್ಷರು ಕರೆಸಿದರು. ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು.

"ಬೇಕಂತಲೇ ತಪ್ಪು ಹೇಳಿದ್ದೆ, ಇಂದುಶೇಖರ್. ನೀವು ಮೇಜು ಗುದ್ದಿ ತಿದ್ದುತ್ತೀರಿ ಅಂತ ಸಮಿತಿಯವರಿಗೆಲ್ಲ ಹೇಳಿಟ್ಟಿದ್ದೆ. ಆ ಚಂದ್ರಮೋಹನ ನೋಡಿ, ಥಟ್ಟನೆ ಅಂದ. ಬುಲೆಟ್ ಅಲ್ಲ ಸಾರ್, ಖಾಲಿ ತೋಟಾ. ಬುಲೆಟ್ ಅಂದ್ರೆ ಮುಂದೆ ಹಾರಿ ಹೋಗೋ ತುದಿ ಮಾತ್ರ, ಅಂತ."

ಇಂದುಶೇಖರರು ಹೇಗೆ ಹೊರಬಂದರೋ ಅವರಿಗೇ ತಿಳಿಯದು. ಪಡಸಾಲೆಯಲ್ಲಿ ಚಂದ್ರಮೋಹನ ಓಡಿಬಂದು ಕಾಲು ಮುಟ್ಟಿದ. ಎಲ್ಲ ನಿಮ್ಮಿಂದಲೇ ಸಾರ್ ಎಂದ, ಅದರಲ್ಲಿ ಸುಳ್ಳೂ ಇರಲಿಲ್ಲ. ಆಮೇಲೆ ಸಂಕೋಚದಿಂದ ತನ್ನ ನೇಮಕಾತಿಯ ಆದೇಶವನ್ನು ಅವರ ಕೈಗೆ ಕೊಟ್ಟ.

"ತಪ್ಪು ತಿಳೀಬೇಡಿ ಸಾರ್. ಇದರದ್ದು ಎರಡು ಜೆರಾಕ್ಸ್ ಮಾಡಿಸಿ ತರ್ತೀರಾ?"

ಇಂದುಶೇಖರರು ಬಾಯಿ ತೆರೆದರು. ಹೊಸ ಸಾಹೇಬರ ಮುಖ ನೋಡಿ ಮುಚ್ಚಿಕೊಂಡರು. ಹೂಂ ಎಂದು ಆದೇಶ ಹಿಡಿದು ಕೆಳಗಿಳಿದರು.